ಆ ರಾಜನಿಗೂ ಒಂದು ತಂಬಿಗೆ

ನಮ್ಮ ಹಿರಿಯ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ ಪದ್ದಕ್ಕ, ಯಾವ ಊರಿಗೆ ಹೋದರೂ ಮೊದಲು ನಳದ ಬಾಯಿಗೆ ಬಿಳಿ ಅರಿವೆ ಕಟ್ಟುತ್ತಿದ್ದರು. ಶೇಡಬಾಳದ ಜೈನ ತವರಿನಿಂದ ಬಂದ ರೂಢಿ ಅದು. ಸೋಸದ ನೀರು ಮುಟ್ಟರು, ಹೊತ್ತು ಮುಳುಗಿದ ಮೇಲೆ ಉಣ್ಣರು. ಸೀಲು ಒಡೆಯದ ಬಾಟಲಿ ನೀರನ್ನೂ ಸೋಸುತ್ತಿದ್ದರು.

"ಫ್ಯಾಕ್ಟರ್‍ಯಾಗ ಸೋಸಿರ್ತಾರ್ರಿ ಅಕ್ಕಾರ," ಎಂದರೆ, "ಸೋಸಿರಬೇಕವಾ. ನಾ ಏನ್ ನೋಡೇನಿ?" ಎನ್ನುತ್ತಿದ್ದರು.

ನಿಪ್ಪಾಣಿಯ ಟೂರಿನವರ ಜೊತೆ ನಾವಿಬ್ಬರೂ ಈಜಿಪ್ತಿಗೆ ಹೋದೆವು. ಕಾನ್ವೆಂಟಿನ ಇತಿಹಾಸದ ಪುಸ್ತಕದಲ್ಲಿ ಪಿರಮಿಡ್ಡಿನ ಚಿತ್ರ ಕಂಡಂದಿನಿಂದ ಅದರ ಒಳಗೆ ಹೋಗುವ ಆಸೆ ನನಗೆ. ಒಬ್ಬಳೇ ಹೋಗಲು ಭಯ. ಅದು ಗೋರಿ ಎಂದರೆ ಮೈಲಿಗೆಯೆಂದು ಅಕ್ಕ ಬಸ್ಸಿನಲ್ಲೇ ಕೂತುಬಿಟ್ಟಾರು ಎಂದು, "ಹಳೇ ರಾಜಾನ ಕಟ್ಟಡರಿ," ಎಂದಷ್ಟೇ ಹೇಳಿದ್ದೆ.

ಬಗ್ಗಿ ಬಗ್ಗಿ ಹತ್ತಿ ಹೋದರೆ ಒಳಗೆ ಒಂದು ಬರಿಯ ಕೋಣೆ, ಅದರಲ್ಲಿ ಮುಚ್ಚಳವಿಲ್ಲದ ಕಲ್ಲಿನ ಪೆಟ್ಟಿಗೆ. ಪದ್ದಕ್ಕ ಅದರ ಅಂಚು ಸವರಿ ಒಳಗೆ ಇಣುಕಿದರು. "ದನಕ್ಕ ನೀರ ಕುಡಿಸು ಡೋಣಿ ಇದ್ದಂಗ ಐತಿ. ಇಷ್ಟ ಮ್ಯಾಲ ದನಾ ಹೆಂಗ ಹತ್ತತಿದ್ವು?"

ರಾಜನ ಹೆಣ ಇಟ್ಟಿದ್ದು ಅದರಲ್ಲೇ ಎಂದು ಗೈಡ್ ಹಿಂದಿಯಲ್ಲಿ ಹೇಳಿದ. ಅಕ್ಕ ಕೈ ತೆಗೆದು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಹೊರಗೆ ಟೂರಿನ ಜೊತೆ ಬಂದಿದ್ದ ಅಡುಗೆಯವರು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟಿದ್ದರು. "ಜಳಕ ಆಗೂತನ ನಾ ಏನೂ ಒಲ್ಲೆ," ಎಂದರು ಅಕ್ಕ. ಹೋಟೆಲ್ ದೂರ, ದಾರಿ ತುಂಬ ವಾಹನಗಳು. ನಾನು ಕಿಟಕಿಯಲ್ಲಿ ಸೂರ್ಯನನ್ನೇ ನೋಡುತ್ತ ಕೂತೆ. ಅವರು ಮಿಂದು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಇನ್ನು ಬೆಳಗಿನವರೆಗೆ ಊಟವಿಲ್ಲ, ಗುಟುಕು ನೀರೂ ಇಲ್ಲ.

"ನನಗ ಗೊತ್ತಿತ್ರಿ ಅಕ್ಕಾರ. ಬೇಕಂತನ ಹೇಳ್ಲಿಲ್ಲ," ಎಂದೆ.

ಅವರು ಒದ್ದೆ ಕೂದಲು ಒರೆಸುತ್ತಲೇ, "ಹೇಳಿದ್ರೂ ಬರ್ತಿದ್ನಿ. ಹಸಗೊಂಡ ಒಳಗ ಹೋಗತಿದ್ದಿಲ್ಲ, ಅಷ್ಟ," ಎಂದರು. ಆಮೇಲೆ, "ಪಾಪ, ಅಂವಾ ಸತ್ತಾನಂತ ಜಳಕಾ ಮಾಡವ್ರು ಈಗ ಯಾರ ಉಳದಾರ?" ಎಂದರು.

ಅವರು ಮಿಂದದ್ದು ಮೈಲಿಗೆಗೋ, ಯಾರೂ ಇಲ್ಲದ ಆ ರಾಜನಿಗೋ? ಎಷ್ಟೋ ಸಲ ಕೇಳಬೇಕೆಂದುಕೊಂಡೆ. ನಮ್ಮೂರು ಬೇಡಕಿಹಾಳಕ್ಕೆ ಮರಳಿದ ಮೇಲೆ ಹಿಟ್ಟು, ಹಾಲು, ಬಸದಿ ಎಂದು ದಿನಗಳು ಹೋದವು. ಕೇಳಲಿಲ್ಲ.

ಹೋದ ವರ್ಷ ಪದ್ದಕ್ಕ ತೀರಿಕೊಂಡರು. ಅವರನ್ನು ಒಯ್ದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಚ್ಚಲಿಗೆ ಹೋದರು. ನನ್ನ ಸರದಿ ಬಂದಾಗ ನೋಡಿದೆ, ನಳಕ್ಕೆ ಅವರೇ ಕಟ್ಟಿದ ಅರಿವೆ ಹಾಗೇ ಇತ್ತು, ಗಂಟು ಎಡಕ್ಕೆ. ಅದರೊಳಗಿನಿಂದ ಸಣ್ಣಗೆ ಇಳಿದ ನೀರು ತುಂಬಿಕೊಂಡು ಮೈಮೇಲೆ ಸುರಿದುಕೊಂಡೆ. ಈ ನೀರು ಯಾತಕ್ಕೆಂದು ಆಗಲೂ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಇನ್ನೊಂದು ತಂಬಿಗೆ ತುಂಬಿ, ಆ ರಾಜನಿಗೆಂದು ಹೊಯ್ದುಕೊಂಡೆ. ಅವನ ಹೆಸರು ಮಾತ್ರ ನೆನಪಾಗಲಿಲ್ಲ.