ಎರಡನೆಯ ಸಲ ಕರೆಯದ ಇಂಗ್ಲಿಷ್

ಇಂಗ್ಲಿಷ್ ನನಗೆ ಯಾರೂ ಕಲಿಸಲಿಲ್ಲ. ಹುಮನಾಬಾದಿನಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿದೆ, ಇಂಗ್ಲಿಷ್ ಪೇಪರನ್ನು ಗೈಡ್ ಬಾಯಿಪಾಠ ಮಾಡಿ ದಾಟಿದೆ. ನಿಜವಾದ ಇಂಗ್ಲಿಷ್ ಬಂದದ್ದು ಆಮೇಲೆ, ಬೇರೆಯವರ ಕಬ್ಬಿಗೆ ನೀರು ಹಾಯಿಸುತ್ತ. ಕಿವಿಯಲ್ಲಿ ಮೊಬೈಲಿನ ಸುದ್ದಿ, ಬಾಯಲ್ಲಿ ಅದೇ ವಾಕ್ಯ. ಹಾದಿಯಲ್ಲಿ ಹೋಗುವವರು, "ಕಬ್ಬು ಎಸ್ ಅಂತಾವೋ ನೋ ಅಂತಾವೋ?" ಎಂದು ನಗುತ್ತಿದ್ದರು. ನಗಲಿ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ಅಪ್ಪ ಇಂದಿಗೂ ಕೂಲಿಗೆ ಹೋಗುತ್ತಾನೆ.

ಮುಂದೆ ಬಸವಕಲ್ಯಾಣದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಗೆ ಹೊರದೇಶದ ಸಂಶೋಧಕಿಯೊಬ್ಬರು ಬಂದರು. ಕೋಟೆಯ ಸುತ್ತಲಿನ ಹಳ್ಳಿಗಳ ಹಳೆಯ ಕಥೆಗಳನ್ನು ಕೂಡಿಸುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಕೆಲವು ಸಂಜೆ ಅವರ ಜೊತೆ ತಿರುಗಿದೆ. ಮುದುಕಿಯರ ಮಾತು ಇಂಗ್ಲಿಷಿನಲ್ಲಿ ಅವರಿಗೆ, ಅವರ ಪ್ರಶ್ನೆ ಕನ್ನಡದಲ್ಲಿ ಮುದುಕಿಯರಿಗೆ ದಾಟಿಸಿದೆ. ಎಲ್ಲಿಯೂ ತಡವರಿಸಲಿಲ್ಲ. ಅವರಿಗೆ ವರ್ಷವಿಡೀ ಹೀಗೆ ಮಾತು ದಾಟಿಸುವವನೊಬ್ಬ ಬೇಕಾಗಿದ್ದ. ಆ ಕೆಲಸ ನನಗೇ ಸಿಗಲಿ ಎಂದು ಮನಸ್ಸು ಹಂಬಲಿಸುತ್ತಿತ್ತು, ಮನೆಯಲ್ಲೂ ಹೇಳಿಬಿಟ್ಟಿದ್ದೆ.

ಒಂದು ಸಂಜೆ ಕೋಟೆಯ ಮುಂದೆ ಚಹಾ ಕುಡಿಯುವಾಗ ಅವರು ಕೇಳಿದರು: ವರ್ಷವಿಡೀ ನನ್ನ ಜೊತೆ ಕೆಲಸ ಮಾಡುವಿರಾ, ಸಂಬಳ ಕೊಡುತ್ತೇನೆ ಎಂದು.

ನಮ್ಮ ಕಡೆ ಮೊದಲ ಮಾತಿಗೇ ಯಾರೂ ಹೂಂ ಅನ್ನುವುದಿಲ್ಲ. ಬೀಗರ ಮನೆಯಲ್ಲಿ ಇನ್ನೊಂದು ರೊಟ್ಟಿ ಎಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಒಲ್ಲೆ ಒಲ್ಲೆ ಅನ್ನಬೇಕು. ಅವರು ಬೆರಳ ಸಂದಿಯಿಂದಲೇ ರೊಟ್ಟಿ ಜಾರಿಸಬೇಕು. ಸಣ್ಣವನಿದ್ದಾಗ ಒಮ್ಮೆ ಕೂಡಲೇ ಹೂಂ ಅಂದದ್ದಕ್ಕೆ ಅವ್ವ ತೊಡೆ ಚಿವುಟಿದ್ದಳು: "ಬರಗೆಟ್ಟವರಂಗ ಮಾಡಬ್ಯಾಡ!"

ನಾನು ಇಂಗ್ಲಿಷಿನಲ್ಲಿ, ಬಹಳ ಚೆಂದದ ಇಂಗ್ಲಿಷಿನಲ್ಲಿ, ಹೇಳಿದೆ: "ಬೇಡ ಮೇಡಂ, ನಾನೆಷ್ಟರವನು, ಇನ್ನೂ ಚೆನ್ನಾಗಿ ಬಲ್ಲವರನ್ನು ನೋಡಿ."

"ಸರಿ," ಎಂದರು ಅವರು. "ನೇರವಾಗಿ ಹೇಳಿದ್ದು ಒಳ್ಳೆಯದಾಯಿತು."

ನಾನು ಕಾದೆ. ಅವರು ಮತ್ತೆ ಕರೆಯಲಿಲ್ಲ. ಚಹಾ ಮುಗಿಸಿ, ನಾಳೆ ಬೀದರಿಗೆ ಬಸ್ಸು ಎಷ್ಟು ಗಂಟೆಗಿದೆ ಎಂದು ಕೇಳಿದರು. ಹೇಳಿದೆ.

"ನನಗೆ ಈ ಕೆಲಸ ಬೇಕು" ಎಂಬುದು ಇಂಗ್ಲಿಷಿನಲ್ಲಿ ಎಷ್ಟು ಸಣ್ಣ ವಾಕ್ಯ! ಅವರ ನಂಬರು ನನ್ನ ಹತ್ತಿರವಿತ್ತು. ಬರೆದೆ, ಅಳಿಸಿದೆ. ಓದಿದವನು ಬಾಯಿ ಬಿಟ್ಟು ಬೇಡುವುದು ಹೇಗೆ ಎಂಬ ಗರ್ವ ಬೆರಳು ಹಿಡಿಯಿತು.

ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕೂತಿದ್ದ.

"ಏನಂದ್ರೋ ತಮ್ಮಾ ಮೇಡಮ್ಮೋರು?"

"ಕೆಲಸಕ್ಕ ಬಾ ಅಂದ್ರು."

"ನೀ?"

"ಒಲ್ಲೆ ಅಂದೆ."

"ಹೌದು ಮತ್ತ, ಹಂಗ ಅನಬೇಕು. ಆಮ್ಯಾಗ?"

"ಆಮ್ಯಾಗ ಏನೂ ಅನಲಿಲ್ಲ."

ಅಪ್ಪ ಎದ್ದು ನಿಂತ. "ಎರಡನೇ ಸಲ ಕರೀಲೇ ಇಲ್ಲ? ಎಂಥಾ ಮಂದಿನೋ ಅವರು!"

ಕೆಲಸ ಕಲಬುರಗಿಯ ಒಬ್ಬನಿಗೆ ಸಿಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ ಅವನ ಇಂಗ್ಲಿಷ್ ಕೇಳಿದೆ. ನನ್ನದೇ ಎಷ್ಟೋ ಮೇಲು. ಅವನು ಮೊದಲ ಮಾತಿಗೇ ಹೂಂ ಅಂದಿರಬೇಕು, ಅಷ್ಟೇ.

ಮುಂದಿನ ವಾರ ಊರ ಹೋಟೆಲಿನಲ್ಲಿ ಯಾರೋ ಅಪ್ಪನನ್ನು ಕೆಣಕಿದರು: "ಏನಪಾ, ನಿನ್ ಮಗನ ಫಾರಿನ್ ನೌಕರಿ ಎಲ್ಲಿಗ್ ಬಂತು?"

ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಬಟ್ಟಲು ಕೆಳಗಿಟ್ಟ.

"ಭಾಳ ಕರದ್ರು ಪಾಪ," ಎಂದ. "ನಮ್ಮಾಂವನೇ ಒಲ್ಲೆ ಅಂದ."

ಹೇಳುವಾಗ ನನ್ನ ಕಡೆ ನೋಡಲಿಲ್ಲ. ಬದುಕಿನಲ್ಲಿ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆವತ್ತೇ ಮೊದಲು.