ಎರಡಿಂಚಿನ ತಮಾಷೆ

ಮೂರ್ನಾಡಿನ ಬಸ್ ಸ್ಟ್ಯಾಂಡಿನ ಎದುರು ಬೊಳ್ಳಮ್ಮನ ಹೊಲಿಗೆ ಅಂಗಡಿ ಇಪ್ಪತ್ತೆರಡು ವರ್ಷದಿಂದ ನಡೆಯುತ್ತಿದೆ. ಹೊಲಿಗೆ ಅಚ್ಚುಕಟ್ಟು, ಬಾಯಿ ಮಾತ್ರ ಭಾರೀ ಸಡಿಲ. ಅಳತೆ ತೆಗೆಯುವಾಗ ಪ್ರತಿ ಇಂಚನ್ನೂ ಕೂಗಿ ಹೇಳಿ, ಅದಕ್ಕೊಂದು ಕುಚೋದ್ಯ ಅಂಟಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ. ಕಾದು ಕೂತ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅಳತೆಗೆ ನಿಂತವಳೂ ನಗಲೇಬೇಕು, ನಗದೆ ಎಲ್ಲಿಗೆ ಹೋಗುತ್ತಾಳೆ ಪಾಪ!

ಕಳೆದ ಮಾರ್ಚಿನಲ್ಲಿ, ಮದುವೆಗೆ ಹತ್ತೇ ದಿನ ಇರುವಾಗ, ಹಿಂದಿನ ಬೀದಿಯ ಮೋನಿಷಾ ಧಾರೆಯ ರವಿಕೆ ಹಾಕಿ ನೋಡಲು ಬಂದಳು. ಹುಕ್ಕು ಕೂಡಲಿಲ್ಲ. ಬೊಳ್ಳಮ್ಮ ಟೇಪು ಸುತ್ತಿದಳು.

"ಎಂತ ಮೋನಿಷಾ, ಹದಿನೈದು ದಿನಕ್ಕೆ ಸೊಂಟ ಎರಡಿಂಚು ಜಾಸ್ತಿ! ಧಾರೆಗೆ ಮುಂಚೆನೇ ತೊಟ್ಟಿಲು ಕಟ್ಟುವ ಅಂದಾಜಾ?"

ಎಲ್ಲರೂ ಗೊಳ್ಳೆಂದರು. ಬೆಂಚಿನ ತುದಿಯಲ್ಲಿದ್ದ ಮಾಲತಿ ಮಾತ್ರ ನಗಲಿಲ್ಲ. ಅವಳು ಗಂಡಿನ ಅತ್ತಿಗೆ. ಬೊಳ್ಳಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ನಾಲಗೆ ನಿಲ್ಲಲಿಲ್ಲ. ಮಾಲತಿ ಹೊಲಿಸಲು ತಂದ ಬಟ್ಟೆಯನ್ನು ಚೀಲಕ್ಕೆ ತುರುಕಿ ಎದ್ದೇ ಹೋದಳು.

"ಉಬ್ಬಸಕ್ಕೆ ಮಾತ್ರೆ ತಗೊಳ್ತಿದ್ದೇನಕ್ಕ. ಮೈ ಊದ್ತದೆ ಅಂತ ಡಾಕ್ಟ್ರೇ ಹೇಳಿದ್ರು" ಎಂದು ಮೋನಿಷಾ ಹೇಳುವಷ್ಟರಲ್ಲಿ ಕೇಳಬೇಕಾದವಳು ರಸ್ತೆ ದಾಟಿಯಾಗಿತ್ತು.

ಮೂರನೇ ದಿನ ಗಂಡಿನ ಕಡೆಯವರು ಮದುವೆ ಬೇಡವೆಂದರು. ಕಾರಣ ಬಾಯಿಬಿಟ್ಟು ಹೇಳಲಿಲ್ಲ. ಆ ಕೆಲಸವನ್ನು ಊರು ಮಾಡಿತು. ಬೊಳ್ಳಮ್ಮ ಅಂಗಡಿ ಮುಚ್ಚಿ ಮಾಲತಿಯ ಮನೆಗೆ ಓಡಿದಳು.

"ತಮಾಷೆಗೆ ಹೇಳಿದ್ದು ಮಾಲತಿ. ನನ್ನ ಹಾಳು ಬಾಯಿ ನಿಂಗೆ ಗೊತ್ತಿಲ್ವಾ? ಅದು ಮಾತ್ರೆಯಿಂದ ಊದಿದ್ದು."

"ಎರಡಿಂಚು ಜಾಸ್ತಿ ಇದ್ದದ್ದೂ ತಮಾಷೆಯಾ ಬೊಳ್ಳಮ್ಮಕ್ಕ?"

ಇಂಚು ಸುಳ್ಳಾಗಿರಲಿಲ್ಲ. ಮೋನಿಷಾ ಡಾಕ್ಟರ ಚೀಟಿ ತೋರಿಸುತ್ತಾಳೆ ಎಂದಳು ಬೊಳ್ಳಮ್ಮ. "ಚೀಟಿ ಯಾರು ಬೇಕಾದ್ರೂ ಬರೆಸಬಹುದು" ಎಂದು ಮಾಲತಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಬೊಳ್ಳಮ್ಮ ಅಳತೆಯನ್ನು ಮನಸ್ಸಿನಲ್ಲೇ ಓದಿ ಬರೆದುಕೊಳ್ಳುತ್ತಿದ್ದಳು. ಒಂದೇ ಆಸೆಗೆ ಜೋತುಬಿದ್ದಿದ್ದಳು: ಒಂಬತ್ತು ತಿಂಗಳು ಕಳೆಯಲಿ, ಊರೇ ಕಣ್ಣಾರೆ ನೋಡಲಿ, ಹುಡುಗಿಯ ಮೇಲಿನ ಅಪವಾದ ತಾನಾಗಿಯೇ ಹೋಗುತ್ತದೆ.

ಹನ್ನೊಂದು ತಿಂಗಳು ಕಳೆಯಿತು. ಮೊನ್ನೆ ಮೋನಿಷಾ ಅಂಗಡಿಯ ಕಡೆ ತಿರುಗಿಯೂ ನೋಡದೆ ಎದುರಿನ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಳು. ಸೊರಗಿ ಕಡ್ಡಿಯಾಗಿದ್ದಳು. ಅಳತೆಗೆ ನಿಂತಿದ್ದ ಶಾಂಭವಿ ಅವಳನ್ನು ಕಂಡು ದನಿ ತಗ್ಗಿಸಿದಳು.

"ಮೈಸೂರಲ್ಲಿ ಮಗು ತೆಗೆಸಿದ್ರಂತೆ. ಅಲ್ಲಕ್ಕ, ಮೊದಲು ಕಂಡುಹಿಡಿದದ್ದು ನೀವೇ ಅಲ್ವಾ! ನಿಮ್ಮ ಕಣ್ಣಿಗೆ ಮಣ್ಣೆರಚೋಕಾಗ್ತದಾ?"

"ಅಲ್ಲ ಮಾರಾಯ್ತಿ! ಅದು ಉಬ್ಬಸದ ಮಾತ್ರೆ!" ಬೊಳ್ಳಮ್ಮ ಕಿರುಚಿಯೇಬಿಟ್ಟಳು.

ಬೆಂಚಿನಲ್ಲಿದ್ದವರೆಲ್ಲ ಗೊಳ್ಳನೆ ನಕ್ಕರು. ಬೊಳ್ಳಮ್ಮಕ್ಕ ತಮಾಷೆ ಮಾಡದೆ ಬಹಳ ದಿನವಾಗಿತ್ತು.