ಮೂರು ಸೆಕೆಂಡಿನ ಸೆಲಿನಕ್ಕ

ಪರದೆಯ ಮೇಲೆ ಅಲ್ಲಾಡದೆ ನಿಂತ ಅಂಕಿಯನ್ನು ಕಂಡರೆ ಸೆಲಿನಕ್ಕ ಕನ್ನಡಕ ಕೆಳಗಿಳಿಸಿ, ಲೆಕ್ಕ ಮಾಡದೆ ಬಂದ ಹುಡುಗನನ್ನು ನೋಡುವಂತೆ ನೋಡುತ್ತಿದ್ದರು. "ಇದಕ್ಕೆ ಜೀವ ಉಂಟಾ, ಕೇಳು ಮಾರಾಯ."

ಮಂಗಳೂರಿನವರು. ನೈರೋಬಿಯ ಶಾಲೆಗಳಲ್ಲಿ ಗಣಿತ ಕಲಿಸಿ ದಣಿದ ಮೇಲೆ, ತೊಂಬತ್ತರ ದಶಕದಲ್ಲಿ, ತಾವೇ ಪುಸ್ತಕ ಓದಿ ಪ್ರೋಗ್ರಾಂ ಬರೆಯಲು ಕಲಿತರು. ಆ ಕೆಲಸದಲ್ಲಿ ನಾನು ಅವರ ಜೊತೆಗಾರ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬಹುಮಾನಗಳು ತಲೆಗೇರಿದ್ದ ಕಾಲ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಸಾಬೂನು ಕಾರ್ಖಾನೆಗೆ ಕಡಾಯಿಯ ಬಿಸಿ ತೋರಿಸುವ ಪರದೆ ಬೇಕಿತ್ತು. ಸೆಕೆಂಡಿಗೊಮ್ಮೆ ಟೈಮರ್ ಎದ್ದು ಅಂಕಿಯನ್ನು ಹೊಸದಾಗಿ ಬರೆಯುವುದು, ಅಷ್ಟೇ. ಆದರೆ ಮೂರು ಸಲ ಹೊಸ ಅಳತೆ ಬಾರದಿದ್ದರೆ ಅಂಕಿ ಅಳಿಸಿ ಪರದೆ ಕಪ್ಪಾಗಬೇಕು ಎಂಬುದು ಸೆಲಿನಕ್ಕನ ಹಟ. "ಕಪ್ಪಾದರೆ ಕೆಲಸ ನಿಲ್ಲುತ್ತೆ, ಅದನ್ನು ತೆಗೀರಿ" ಎಂದು ಮ್ಯಾನೇಜರ್. ನಾನು ಮ್ಯಾನೇಜರ್ ಪಕ್ಷ.

"ಮೂರು ಸೆಕೆಂಡಲ್ಲಿ ಕಡಾಯಿ ಎಷ್ಟು ಕಾದೀತು ಅಕ್ಕ? ಹಳೇ ಅಂಕಿ ಸುಳ್ಳಲ್ಲವಲ್ಲ."

"ಸುಳ್ಳಲ್ಲ. ಆದ್ರೆ ಅದು 'ಈಗ' ಅಂತ ಹೇಳ್ತಾ ನಿಂತಿದೆ ನೋಡು, ಅದು ಸುಳ್ಳು."

"ಇದು ಪದಗಳ ಆಟ."

ಮರುದಿನ ಅವರು ಕಡಾಯಿಗೆ ಬರೀ ನೀರು ತುಂಬಿಸಿ, ಕಪ್ಪಾಗದ ನನ್ನ ಪ್ರೋಗ್ರಾಂ ಓಡಿಸಿದರು. ಕಲಕುವ ಕೆಲಸ ಕಮಾವು ಎಂಬ ಕಾರ್ಮಿಕನದು. ಅಂಕಿ ಎಪ್ಪತ್ತು ಡಿಗ್ರಿಯೊಳಗಿದ್ದರೆ ಮಾತ್ರ ಅವನು ಮುಚ್ಚಳ ತೆಗೆಯಬೇಕು. ಅರವತ್ತೆಂಟಕ್ಕೆ ಬಂದಾಗ ಸೆಲಿನಕ್ಕ ಸದ್ದಿಲ್ಲದೆ ಅಳತೆಯ ತಂತಿ ಕಿತ್ತು, ಕಡಾಯಿ ಕಾಯಿಸುವ ಹಬೆ ಬಿಟ್ಟರು. ನೀರು ಕುದಿಯಿತು. ಪರದೆಯಲ್ಲಿ ಅರವತ್ತೆಂಟೇ. ಕಮಾವು ಅದನ್ನು ನೋಡಿ ಮುಚ್ಚಳಕ್ಕೆ ಕೈ ಚಾಚಿದ. ಸೆಲಿನಕ್ಕ ಅವನ ಮಣಿಕಟ್ಟು ಹಿಡಿದು ನನ್ನ ಕಡೆ ತಿರುಗಿದರು.

"ಈಗ ಈ ಕೈಯ ಹತ್ರ ವಾದ ಮಾಡು."

ಪ್ರೋಗ್ರಾಂ ಅವರು ಹೇಳಿದಂತೆಯೇ, ಕಪ್ಪಾಗಿಸುವ ಸಾಲಿನೊಂದಿಗೆ, ಕಾರ್ಖಾನೆಗೆ ಹೋಯಿತು. ಮರುವರ್ಷ ಮಗಳ ಬಳಿಗೆಂದು ದಾರ್ ಎಸ್ ಸಲಾಮಿಗೆ ಹೊರಟರು. ಬಸ್ಸಿನ ಕಿಟಕಿಯಿಂದ, "ತಂತಿ ಕಿತ್ತು ನೋಡ್ತಾ ಇರು, ಬರೀ ಬಾಯಿ ಸಾಲದು" ಎಂದದ್ದೇ ಕಡೆಯ ಮಾತು. ವರ್ಷದೊಳಗೆ ತೀರಿಕೊಂಡ ಸುದ್ದಿ ಬಂತು.

ಅದೇ ವಾರ ಮ್ಯಾನೇಜರ್ ನನ್ನನ್ನು ಕಡಾಯಿಯ ಬಳಿಗೆ ಕರೆಸಿದರು. "ಆಯಮ್ಮ ಇಲ್ಲವಲ್ಲ, ಈಗಲಾದರೂ ಆ ಕಪ್ಪು ತೆಗೆದುಬಿಡಿ. ಒಂದೇ ಸಾಲು ತಾನೆ?"

ಒಂದೇ ಸಾಲು, ನಿಜ. ತೆಗೆಯುವುದಿಲ್ಲ ಎಂದೆ. ಕಾರಣ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಡಾಯಿಯ ಪಕ್ಕದಿಂದ ಕಮಾವು, ಕೋಲು ಕೆಳಗಿಟ್ಟು, ಸ್ವಾಹಿಲಿಯಲ್ಲಿ ಹೇಳಿದ: "ಪರದೆ ಕಪ್ಪಾಗೋದನ್ನು ತೆಗೆದರೆ ನಾನು ಮುಚ್ಚಳ ಮುಟ್ಟೋದಿಲ್ಲ."

ನಾನು ಅಳತೆಯ ತಂತಿ ಕಿತ್ತು, ಪರದೆ ಕಪ್ಪಾಗುವವರೆಗೆ ಮೂರು ಎಣಿಸಿದೆ.